ಅಪ್‌ಡೇಟ್: ಅಮ್ಮನ ನಡಿಗೆ ಮತ್ತು ಮೆದುಳಿನ ಆಟ

ಸಕ್ಕರೆ ಕಾಯಿಲೆ ಇರುವ ಅಮ್ಮನಿಗೆ ಮೊಬೈಲ್‌ನಲ್ಲಿ ಮೆದುಳಿನ ಆಟ ಆಡಿಸಿದರೆ ನಡಿಗೆ ಸುಧಾರಿಸುತ್ತಾ ಅಂತ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್.

ಫಿಸಿಯೋಥೆರಪಿಸ್ಟ್ ಮೊದಲು ಕುರ್ಚಿಯಿಂದ ಎದ್ದು 3 ಮೀಟರ್ ನಡೆದು, ತಿರುಗಿ ಬಂದು ಕೂರಲು ಹೇಳಿದರು. ಪರವಾಗಿಲ್ಲ. ಆಮೇಲೆ 100ರಿಂದ ಮೂರು ಮೂರು ಕಳೆಯುತ್ತಾ ನಡೆಯಿರಿ ಅಂದರು. ‘ತೊಂಬತ್ತೇಳು, ತೊಂಬತ್ನಾಲ್ಕು...’ ಅಮ್ಮ ನಡುವೆಯೇ ನಿಂತುಬಿಟ್ಟರು! ಮಾತಾಡುವಾಗ ನಡಿಗೆ ನಿಲ್ಲಿಸುವ ಹಿರಿಯರು ಬೀಳುವ ಸಂಭವ ಜಾಸ್ತಿ ಅಂತ ಸ್ವೀಡನ್‌ನ ಸಂಶೋಧಕರು 1997ರಲ್ಲೇ ಬರೆದಿದ್ದಾರೆ.

ಅಮೆರಿಕದಲ್ಲಿ 65 ವರ್ಷ ಮೇಲ್ಪಟ್ಟ 2,832 ಜನರ ಮೇಲೆ ಮೆದುಳಿನ ತರಬೇತಿ ಬಗ್ಗೆ ನಡೆದ ‘ಆಕ್ಟಿವ್’ ಅನ್ನೋ ಅಧ್ಯಯನದಲ್ಲಿ ಮುಖ್ಯವಾಗಿ ಯಾವುದನ್ನು ಕಲಿಸಿದರೋ ಅದೇ ಸುಧಾರಿಸಿತು. ಹಾಗಾಗಿ ಸುಮ್ನೆ ಕೂತು ಆಡುವ ಆಪ್‌ಗೆ ದುಡ್ಡು ಹಾಕುತ್ತಿಲ್ಲ. ಅದರ ಬದಲು ನಡಿಗೆ, ಯೋಚನೆ ಎರಡೂ ಒಟ್ಟಿಗೆ ಅಭ್ಯಾಸ ಆಗಲಿ ಅಂತ ಅಮ್ಮ ಈಗ ಗೋಡೆ ಪಕ್ಕ ನಡೆಯುತ್ತಾ ತರಕಾರಿ ಹೆಸರು ಹೇಳುತ್ತಾರೆ, ನಾನು ಜೊತೆಗಿರುತ್ತೇನೆ. ಸಕ್ಕರೆ ಇಳಿದರೆ ತಲೆ ಸುತ್ತುತ್ತದೆ ಅಲ್ವಾ, ಅದಕ್ಕೆ ಖಾಲಿ ಹೊಟ್ಟೆಯಲ್ಲಿ ಮಾಡಿಸುವುದಿಲ್ಲ.