ಪುಟ್ಟನ ಗ್ರಾಫಿಕ್ಸ್ ಕಾರ್ಡ್ ವಿಷಯ, ಅಕ್ಕನೂ ಕೇಳ್ಲಿ

ಪುಟ್ಟಾ, ನಿನ್ನೆ ರಾತ್ರಿ ನೀನು ಗ್ರೂಪಲ್ಲಿ ಕೇಳಿದ್ದು ಈಗ ನೋಡ್ದೆ ಕಣೋ, ಒಂದು ಮದುವೆ ಎಡಿಟಿಂಗ್ ಮುಗಿಸಿ ಕೂತ್ಕೊಂಡಿದೀನಿ, ಉದ್ದ ಆಗುತ್ತೆ, ನಿಧಾನವಾಗಿ ಕೇಳು. ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3060 ತಗೊಂಡಿದೀಯ, ಯೂಟ್ಯೂಬಲ್ಲಿ ಯಾರೋ ಓವರ್‌ಕ್ಲಾಕ್ ಮಾಡೋಕೆ, ಅಂದ್ರೆ ಕಂಪನಿ ಇಟ್ಟ ಸ್ಪೀಡಿಗಿಂತ ಜಾಸ್ತಿ ಓಡಿಸೋಕೆ, ಕೋರಿಗೆ (ಮುಖ್ಯ ಚಿಪ್ಪಿಗೆ) 200, ಮೆಮೊರಿಗೆ 1500 ಮೆಗಾಹರ್ಟ್ಸ್ ಸೇರಿಸಿ ತೋರಿಸಿದಾರೆ, ಹಂಗೇ ಹಾಕ್ಬಿಡ್ಲಾ ಮಾವ ಅಂತ ಕೇಳಿದೀಯ. ಅದರ ಕೆಳಗೇ ಅಕ್ಕ, ಮನೇಲಿ ಬೆಂಕಿಗಿಂಕಿ ಹತ್ಕೊಂಡ್ರೆ ಏನ್ ಗತಿ ಅಂತ ಹಾಕಿದಾಳೆ.

ಅಕ್ಕಾ, ಮೊದಲು ನಿಂಗೆ ಹೇಳ್ತೀನಿ. ಈ ಕಾರ್ಡುಗಳು ತಮ್ಮ ಬಿಸಿ ತಾವೇ ನೋಡ್ಕೋತವೆ, ಇವನ ಕಾರ್ಡಿಗೆ ಮಾಮೂಲಿಯಾಗಿ 83 ಡಿಗ್ರಿ ಅಂತ ಮಿತಿ ಇಟ್ಟಿರ್ತಾರೆ, ಅಲ್ಲಿಗೆ ಹೋದ್ರೆ ತಾನೇ ಸ್ಪೀಡ್ ಇಳಿಸ್ಕೊಳ್ಳುತ್ತೆ, ಅದನ್ನೂ ಮೀರಿ ತುಂಬಾ ಬಿಸಿಯಾದ್ರೆ ಆಫೇ ಆಗುತ್ತೆ. ನಂಗೆ ಭಯ ಇರೋದು ಕಾರ್ಡಿಂದಲ್ಲ, ಕಂಪ್ಯೂಟರಿಗೆ ಕರೆಂಟ್ ಕೊಡೋ ಪವರ್ ಸಪ್ಲೈ ಡಬ್ಬಿಯಿಂದ. ಅದಕ್ಕೇ ಪುಟ್ಟಾ, ಕ್ಯಾಬಿನೆಟ್ ಪಕ್ಕದ ಡೋರ್ ತೆಗೆದು ಆ ಡಬ್ಬಿ ಮೇಲಿನ ಸ್ಟಿಕ್ಕರ್ ಫೋಟೋ ಹಾಕು. 3060ಗೆ ಕಂಪನಿಯವರೇ ಹೇಳೋದು 550 ವ್ಯಾಟ್ ಇರಲಿ ಅಂತ. ಹೆಸರೇ ಕೇಳದ ಕಂಪನಿದು ಕ್ಯಾಬಿನೆಟ್ ಜೊತೆ ಫ್ರೀ ಬಂದಿದ್ದಾದ್ರೆ ಈ ಓವರ್‌ಕ್ಲಾಕ್ ಮಾತೇ ಬೇಡ, ಮೊದಲು ಅದನ್ನ ಬದಲಾಯಿಸೋಣ, ದುಡ್ಡು ನಾನು ಕೊಡ್ತೀನಿ. ಕಾರ್ಡಿಗೆ ಹೋಗಿರೋ 8 ಪಿನ್ ಕೇಬಲ್ ಪೂರ್ತಿ ಒಳಗೆ ಕೂತಿದ್ಯಾ ನೋಡು, ಅರ್ಧಂಬರ್ಧ ಕೂತಿದ್ರೆ ಅಲ್ಲೇ ಬಿಸಿಯಾಗೋದು.

ಆಮೇಲೆ ಆ ಯೂಟ್ಯೂಬ್ ನಂಬರ್ ಇದ್ಯಲ್ಲ, ಅದು ಅವ್ರ ಕಾರ್ಡಿಂದು ಕಣೋ, ನಿಂದಲ್ಲ. ಒಂದೇ ಬಳ್ಳಿಲಿ ಬಿಟ್ಟ ಸೋರೆಕಾಯಿ ಎಲ್ಲಾ ಒಂದೇ ಸೈಜ್ ಇರುತ್ತಾ? ಚಿಪ್ಪೂ ಹಂಗೇ, ಒಂದು 150 ತಡ್ಕೊಳ್ಳುತ್ತೆ, ಇನ್ನೊಂದು 70ಕ್ಕೇ ಮಲಗುತ್ತೆ. ಅದೂ ನಿಂದು ಬೇರೆಯವ್ರ ಕೈಲಿ ದುಡಿದು ಬಂದಿರೋ ಕಾರ್ಡು.

ಹಂಗಾಗಿ ಮೊದಲ್ನೇ ದಿನ ಏನೂ ಏರಿಸ್ಬೇಡ, ಬರೀ ನೋಡು. ಎಂಎಸ್ಐ ಆಫ್ಟರ್‌ಬರ್ನರ್ ಹಾಕ್ಕೋ, ಕಾರ್ಡಿನ ಸ್ಪೀಡು, ಫ್ಯಾನು ಬದಲಾಯಿಸೋ ಸಾಫ್ಟ್‌ವೇರ್ ಅದು, ಯಾವ ಕಂಪನಿ ಕಾರ್ಡಿಗಾದ್ರೂ ಆಗುತ್ತೆ, ಆದ್ರೆ ಎಂಎಸ್ಐ ಅವ್ರ ಸ್ವಂತ ಸೈಟಿಂದಾನೇ ಇಳಿಸ್ಕೋ, ಗೂಗಲ್‌ನಲ್ಲಿ ಮೊದಲು ಬಂದಿದ್ದನ್ನ ಒತ್ಬೇಡ, 2022ರಲ್ಲಿ ಇದೇ ಹೆಸರಲ್ಲಿ ನಕಲಿ ಸೈಟ್ ಮಾಡಿ ಒಳಗೆ ಮೈನಿಂಗ್ ವೈರಸ್ (ನಮ್ಮ ಕಂಪ್ಯೂಟರಲ್ಲಿ ಅವ್ರು ಕ್ರಿಪ್ಟೋ ದುಡ್ಡು ಮಾಡ್ಕೊಳ್ಳೋದು) ಇಟ್ಟು ಎಷ್ಟೋ ಜನಕ್ಕೆ ತಲುಪಿಸಿದ್ರು. ಜೊತೆಗೆ ಬಿಸಿ ಎಷ್ಟು ಅಂತ ತೋರಿಸೋ ಎಚ್‌ಡಬ್ಲ್ಯೂಇನ್ಫೋ ಓಪನ್ ಮಾಡಿಟ್ಟು, ನೀನು ದಿನಾ ಆಡೋ ಗೇಮನ್ನ ಅರ್ಧ ಗಂಟೆ ಆಡು, ಆಮೇಲೆ ಕಾರ್ಡಿಗೆ ಪರೀಕ್ಷೆ ಇಟ್ಟು ಸ್ಕೋರ್ ಕೊಡೋ ಯೂನಿಜಿನ್ ಸೂಪರ್‌ಪೊಸಿಷನ್ ಒಂದ್ಸಲ ಓಡಿಸಿ ಸ್ಕೋರ್ ಬರ್ಕೋ. ಟೆಂಪರೇಚರ್ ಪಕ್ಕದಲ್ಲಿ ಹಾಟ್‌ಸ್ಪಾಟ್ ಅಂತ ಇನ್ನೊಂದು ನಂಬರ್ ಇರುತ್ತೆ, ಚಿಪ್ಪಲ್ಲಿ ಅತಿ ಬಿಸಿ ಇರೋ ಜಾಗದ್ದು, ಎರಡರ ಮಧ್ಯೆ 10-15 ಡಿಗ್ರಿ ವ್ಯತ್ಯಾಸ ಮಾಮೂಲು, 25-30 ಬಂತು ಅಂದ್ರೆ ಚಿಪ್ಪಿನ ಬಿಸಿಯನ್ನ ಹೀಟ್‌ಸಿಂಕಿಗೆ, ಅಂದ್ರೆ ಬಿಸಿ ಹೊರಹಾಕೋ ಲೋಹದ ಭಾಗಕ್ಕೆ, ದಾಟಿಸೋ ಪೇಸ್ಟ್ ಒಣಗಿರಬಹುದು ಇಲ್ಲಾ ಹೀಟ್‌ಸಿಂಕ್ ಸರಿಯಾಗಿ ಕೂತಿಲ್ಲ, ಅಂಥ ಕಾರ್ಡನ್ನ ಓವರ್‌ಕ್ಲಾಕ್ ಮಾಡೋದು ಜ್ವರ ಬಂದಿರೋ ಎತ್ತನ್ನ ಗಾಡಿಗೆ ಕಟ್ಟಿದ ಹಾಗೆ. ಮೊದಲು ಧೂಳು ಹೊಡೆಸು, ಪೇಸ್ಟ್ ಹಾಕಿಸು.

ಎಲ್ಲಾ ಸರಿ ಇದ್ರೆ ಎರಡನೇ ದಿನ ಫ್ಯಾನ್ ಸ್ವಲ್ಪ ಜಾಸ್ತಿ ಮಾಡಿ, ಪವರ್ ಲಿಮಿಟ್ (ಕಾರ್ಡು ಎಷ್ಟು ಕರೆಂಟ್ ಎಳೀಬಹುದು ಅನ್ನೋ ಮಿತಿ) ಅಂತ ಇರೋದನ್ನ ಅದು ಬಿಟ್ಟಷ್ಟು ಬಲಕ್ಕೆ ಎಳಿ. ವೋಲ್ಟೇಜ್ ಮಾತ್ರ ಏರಿಸ್ಬೇಡ, ಬಯೋಸ್ ಫ್ಲಾಶ್ ಮಾಡು, ಅಂದ್ರೆ ಕಾರ್ಡಿನೊಳಗಿನ ಮೂಲ ಸಾಫ್ಟ್‌ವೇರನ್ನೇ ಬದಲಾಯಿಸು, ಅಂತ ಯಾರಾದ್ರೂ ಹೇಳಿದ್ರೆ ಅವ್ರ ಮಾತೂ ಕೇಳ್ಬೇಡ. ಆಮೇಲೆ ಕೋರ್ ಕ್ಲಾಕಿಗೆ 25, ಬರೀ 25. ಸೂಪರ್‌ಪೊಸಿಷನ್ ಓಡಿಸು, ಏನೂ ಆಗ್ಲಿಲ್ವಾ, ಇನ್ನೊಂದು 25. ಎಲ್ಲೋ ಒಂದ್ಕಡೆ ಸ್ಕ್ರೀನ್ ಒಂದೆರಡು ಸೆಕೆಂಡ್ ಕಪ್ಪಾಗಿ ವಾಪಸ್ ಬರುತ್ತೆ, ಗೇಮ್ ಮುಚ್ಕೊಳ್ಳುತ್ತೆ, ಹೆದರ್ಕೋಬೇಡ, ಕಾರ್ಡ್ ಸುಟ್ಟಿದ್ದಲ್ಲ, ಕಾರ್ಡು ಉತ್ತರ ಕೊಡ್ತಿಲ್ಲ ಅಂತ ವಿಂಡೋಸ್ ಅದರ ಡ್ರೈವರನ್ನ (ಕಾರ್ಡನ್ನ ನಡೆಸೋ ಸಾಫ್ಟ್‌ವೇರನ್ನ) ಮತ್ತೆ ಶುರು ಮಾಡಿರುತ್ತೆ ಅಷ್ಟೇ. ಅಲ್ಲಿಂದ 40-50 ಹಿಂದಕ್ಕೆ ಬಾ, ಅದೇ ನಿನ್ನ ಕೋರು.

ಅದು ಗಟ್ಟಿಯಾದ ಮೇಲೆ ಮೆಮೊರಿ, 100 100 ಆಗಿ. ಇಲ್ಲಿ ಒಂದು ವಿಷಯ ಚೆನ್ನಾಗಿ ಕೇಳಿಸ್ಕೋ. ಮೆಮೊರಿ ಜಾಸ್ತಿ ಆದ್ರೆ ಪ್ರತಿ ಸಲ ಕ್ರ್ಯಾಶ್ ಆಗಿ ತೋರಿಸಲ್ಲ. ನಂದೂ 3060ನೇ, 800 ಆದ್ಮೇಲೆ ಸ್ಕೋರ್ ಏರೋದು ನಿಂತೋಯ್ತು, 1000ಕ್ಕೆ ಹೋದ್ರೆ ಇಳಿಯೋಕೇ ಶುರುವಾಯ್ತು, ಗೇಮ್ ಮಾತ್ರ ಚೆನ್ನಾಗೇ ಓಡ್ತಿತ್ತು. ಹಂಗೇ 900ಕ್ಕೆ ಬಿಟ್ಟಿದ್ದೆ. ಒಂದಿನ ಒಂದು ಮದುವೆ ವಿಡಿಯೋ ಎಕ್ಸ್‌ಪೋರ್ಟ್ ಹಾಕಿ ಊಟಕ್ಕೆ ಹೋದೆ, ಬಂದು ನೋಡಿದ್ರೆ ತಾಳಿ ಕಟ್ಟೋ ಶಾಟಲ್ಲೇ, ಹುಡುಗಿ ಕತ್ತಿನ ಹತ್ರ ಹಸಿರು ಬಣ್ಣದ ಚೌಕ ಚೌಕ ಕಾಣಿಸ್ಕೊಂಡು ಎರಡು ಫ್ರೇಮಲ್ಲಿ ಮಾಯ ಆಯ್ತು. ರೀಪ್ಲೇ ಮಾಡಿ ನೋಡ್ತೀನಿ, ಫೈಲಲ್ಲೇ ಕೂತುಬಿಟ್ಟಿದೆ. ಬೆಳಿಗ್ಗೆ ಪೆನ್‌ಡ್ರೈವ್ ಕೊಡ್ಬೇಕಿತ್ತು, ಸದ್ಯ ಕಣ್ಣಿಗೆ ಬಿತ್ತು. ಆವತ್ತೇ 600ಕ್ಕೆ ಇಳಿಸ್ದೆ, ಇವತ್ತಿಗೂ ಅಲ್ಲೇ ಇದೆ. ಅದಕ್ಕೇ ನೀನೂ ಒಂದೊಂದು ಹೆಜ್ಜೆಗೂ ಸ್ಕೋರ್ ಬರ್ಕೋ, ಪರದೆ ಮೇಲೆ ಚುಕ್ಕಿ, ಮಿಣುಕು, ಗೋಡೆ ಬಣ್ಣ ಹರಿದಂಗೆ ಏನಾದ್ರೂ ಕಂಡ್ರೆ ಅಲ್ಲಿಗೇ ನಿಲ್ಸು.

ಸ್ಟಾರ್ಟಪ್‌ನಲ್ಲೇ ಈ ನಂಬರೆಲ್ಲಾ ತಾನೇ ಅಪ್ಲೈ ಆಗೋ ಆಪ್ಶನ್ ಆಫ್ಟರ್‌ಬರ್ನರಲ್ಲಿ ಇರುತ್ತೆ, ಒಂದು ವಾರ ಗೇಮ್ ಆಡಿ ಏನೂ ತೊಂದ್ರೆ ಇಲ್ಲ ಅಂತಾದ ಮೇಲೇ ಅದನ್ನ ಆನ್ ಮಾಡು. ಅಲ್ಲೀವರೆಗೂ ಏನೇ ಎಡವಟ್ಟಾದ್ರೂ ರೀಸ್ಟಾರ್ಟ್ ಮಾಡಿದ್ರೆ ಮೊದಲಿನ ಹಾಗೇ ಬರುತ್ತೆ. ಅವಸರಕ್ಕೆ ಆನ್ ಮಾಡಿ, ವಿಂಡೋಸ್ ಬಂದ ತಕ್ಷಣ ಕಪ್ಪಾಯ್ತು ಅಂದ್ರೆ ಸೇಫ್ ಮೋಡಿಗೆ (ವಿಂಡೋಸ್ ಬರೀ ಅಗತ್ಯದ್ದಷ್ಟೇ ಹಾಕ್ಕೊಂಡು ಶುರುವಾಗೋ ರೀತಿ) ಹೋಗಿ ಆಫ್ಟರ್‌ಬರ್ನರ್ ತೆಗೀಬೇಕಾಗುತ್ತೆ.

ಇಷ್ಟೆಲ್ಲಾ ಮಾಡಿದ್ರೆ ಸಿಗೋದೇನು ಅಂದ್ರೆ, ನಂಗೆ ಗೇಮಲ್ಲಿ ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಬರ್ತಿದ್ದ ಕಡೆ 64 ಬಂತು. ಅಷ್ಟೇ. ಅದಕ್ಕೇ ನನ್ನ ಮನಸ್ಸಲ್ಲಿರೋದು ಹೇಳ್ಬಿಡ್ತೀನಿ, ಏಪ್ರಿಲ್‌ನಲ್ಲಿ ದಾವಣಗೆರೆ ಮಧ್ಯಾಹ್ನ, ಆ ಮಹಡಿ ಮೇಲಿನ ಶೀಟ್ ರೂಮಲ್ಲಿ, ನಿಂಗೆ ಓವರ್‌ಕ್ಲಾಕಿಗಿಂತ ಅಂಡರ್‌ವೋಲ್ಟೇ ವಾಸಿ, ಅಂದ್ರೆ ಹೆಚ್ಚುಕಮ್ಮಿ ಅದೇ ಸ್ಪೀಡನ್ನ ಕಮ್ಮಿ ವೋಲ್ಟೇಜಲ್ಲಿ ಓಡಿಸೋದು. ರೂಮ್ ಎಷ್ಟು ಡಿಗ್ರಿ ಏರುತ್ತೋ ಕಾರ್ಡೂ ಹೆಚ್ಚುಕಮ್ಮಿ ಅಷ್ಟೇ ಏರುತ್ತೆ, ಬಿಸಿ ಆಗ್ತಾ ಆಗ್ತಾ ತಾನೇ 15 ಮೆಗಾಹರ್ಟ್ಸ್ 15 ಮೆಗಾಹರ್ಟ್ಸ್ ಸ್ಪೀಡ್ ಬಿಡ್ತಾ ಬರುತ್ತೆ. ಆಫ್ಟರ್‌ಬರ್ನರಲ್ಲಿ ಕಂಟ್ರೋಲ್ ಎಫ್ ಒತ್ತಿದ್ರೆ ಒಂದು ಗೆರೆ ಬರುತ್ತೆ, ಯಾವ ವೋಲ್ಟಿಗೆ ಎಷ್ಟು ಸ್ಪೀಡ್ ಅಂತ. ನಾನು ಬೇಸಿಗೇಲಿ ಅದನ್ನ 900 ಮಿಲಿವೋಲ್ಟಿಗೆ 1850 ಮೆಗಾಹರ್ಟ್ಸ್ ಇಟ್ಟು, ಅಲ್ಲಿಂದಾಚೆ ಗೆರೆ ಮಟ್ಟಸ ಮಾಡಿದೀನಿ. 170 ವ್ಯಾಟ್ ಎಳೀತಿದ್ದ ಕಾರ್ಡು 140ರ ಆಸುಪಾಸಲ್ಲಿ ನಿಲ್ಲುತ್ತೆ, ಫ್ರೇಮ್ ಕಮ್ಮಿಯಾಗಿದ್ದು ನಂಗಂತೂ ಗೊತ್ತಾಗಿಲ್ಲ, ಫ್ಯಾನ್ ಸದ್ದೂ ಇಳೀತು. ನಿಂದು 1850 ತಡೀದೇ ಇದ್ರೆ 1800 ಇಡೋಣ. ಓವರ್‌ಕ್ಲಾಕನ್ನ ಮಳೆಗಾಲದಲ್ಲಿ ತಣ್ಣಗೆ ಕೂತು ಮಾಡು, ಬೇಡ ಅನ್ನಲ್ಲ.

ಇವತ್ತು ಸಾಯಂಕಾಲ ಆ ಪವರ್ ಸಪ್ಲೈ ಫೋಟೋ ಮತ್ತೆ ಹಾಟ್‌ಸ್ಪಾಟ್ ನಂಬರ್ ಎರಡೂ ಹಾಕು. ಭಾನುವಾರ ತಿಂಡಿ ಆದ್ಮೇಲೆ ವಿಡಿಯೋ ಕಾಲ್ ಮಾಡ್ತೀನಿ, ಗೆರೆ ಹೆಂಗೆ ಎಳೆಯೋದು ಅಂತ ನೀನೇ ಮೌಸ್ ಹಿಡ್ಕೊಂಡು ಮಾಡುವಂತೆ. ಅಕ್ಕಾ, ಅಷ್ಟರಲ್ಲಿ ಆ ಟೇಬಲ್ ಗೋಡೆಗೆ ಒತ್ತಿಕೊಂಡಿದ್ಯಲ್ಲ, ಒಂದು ಗೇಣು ಈಚೆಗೆ ಎಳೆಸು, ಹಿಂದಿಂದ ಗಾಳಿ ಆಡ್ಬೇಕು.