ಸಂಚಾರಿ ಸುವಾರ್ತಾ ಸೇವೆಯ ಸುಖದುಃಖ

ಪ್ರಶ್ನೆ: ನಾನೂ ನನ್ನ ಪತ್ನಿಯೂ ಮುಂದಿನ ತಿಂಗಳಿನಿಂದ ಊರೂರು ಸುತ್ತಿ ಯೇಸುವಿನ ಸಂದೇಶ ಸಾರುವ ಸುವಾರ್ತಾ ಸೇವೆಗೆ ಹೊರಡಲಿದ್ದೇವೆ. ಈ ದಾರಿಯಲ್ಲಿ ನಡೆದವರು ತಮ್ಮ ಅನುಭವವನ್ನು ದಯವಿಟ್ಟು ತಿಳಿಸುವಿರಾ?

ಉತ್ತರ 1: ನಾನು 11 ವರ್ಷ ತಿರುಗಿದ್ದೇನೆ. ದಣಿವಿಗಿಂತ ಹೆಚ್ಚು ಕಾಡಿದ್ದು, ಪರಿಚಯವು ಸ್ನೇಹವಾಗಿ ಮಾಗುವ ಹೊತ್ತಿಗೇ ಗಂಟುಮೂಟೆ ಕಟ್ಟಬೇಕಾದ ಸಂಕಟ. ಆದರೆ ಒಂದು ರಾತ್ರಿ ಮಳೆಯಲ್ಲಿ ತೊಯ್ದು ಬಂದ ನಮಗೆ, ಗುರುತೇ ಇಲ್ಲದ ಅಜ್ಜಿಯೊಬ್ಬರು ತಮ್ಮಲ್ಲಿದ್ದ ಒಂದೇ ಕಂಬಳಿಯನ್ನು ಹೊದಿಸಿ, ತಾವು ಒಲೆಯ ಮುಂದೆ ಕುಳಿತೇ ಬೆಳಗು ಮಾಡಿದ್ದನ್ನು ನೆನೆದರೆ ಈಗಲೂ ಕಣ್ಣು ತುಂಬುತ್ತದೆ.

ಉತ್ತರ 2: ಹೀಗೆಯೇ ಊರೂರು ಸುತ್ತಿ ಸುವಾರ್ತೆ ಸಾರಿದ ಅಪೊಸ್ತಲ ಪೌಲರು, ಕೊರಿಂಥದವರಿಗೆ ಬರೆದ, ಬೈಬಲಿನಲ್ಲಿರುವ ಎರಡನೆಯ ಪತ್ರದ 11ನೆಯ ಅಧ್ಯಾಯದಲ್ಲಿ, ಮೂರು ಬಾರಿ ಹಡಗು ಒಡೆದದ್ದನ್ನೂ ಹಸಿವು, ಚಳಿ, ನಿದ್ದೆಗೇಡುಗಳನ್ನೂ ಬಿಚ್ಚಿ ಹೇಳಿದ್ದಾರೆ, ನೀವೂ ಕಷ್ಟವನ್ನು ಒಬ್ಬರಿಗೊಬ್ಬರು ಮುಚ್ಚಿಡಬೇಡಿ.

ಪ್ರಶ್ನೆ ಕೇಳಿದವರು: ಕಂಬಳಿಯ ಪ್ರಸಂಗವನ್ನು ಪತ್ನಿಗೆ ಓದಿ ಹೇಳಿದೆ. ಇಬ್ಬರಿಗೂ ವಂದನೆಗಳು.