ಅಪ್‌ಡೇಟ್: ಡ್ರೈವರ್ ಕೋಡ್‌ನಲ್ಲಿ ಗೋಟೂ ಇರಲಾ, ಬೇಡವಾ?

ನಮ್ಮ ಡ್ರೈವರ್ (ಹಾರ್ಡ್‌ವೇರ್ ನಡೆಸುವ ಪ್ರೋಗ್ರಾಂ) ಕೋಡ್‌ನಲ್ಲಿ ಎರರ್ ಬಂದಾಗ ಗೋಟೂ, ಅಂದರೆ ಲೇಬಲ್ (ಹೆಸರು) ಇಟ್ಟ ಜಾಗಕ್ಕೆ ನೇರವಾಗಿ ಜಿಗಿಯುವ ಸಿ ಭಾಷೆಯ ಆದೇಶ, ಬಳಸಬಹುದಾ, ಹಳೇ ಸಿ ಫೈಲುಗಳನ್ನೆಲ್ಲ ಒಟ್ಟಿಗೆ ರೀಫಾರ್ಮ್ಯಾಟ್ ಮಾಡಲಾ (ಸ್ಪೇಸ್, ಸಾಲುಗಳ ಜೋಡಣೆ ಬದಲಿಸಲಾ) ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಗೋಟೂ ಉಳಿಸಿಕೊಂಡೆವು. ಬಫರ್ (ಡೇಟಾ ಇಡುವ ಮೆಮೊರಿ) ಪಡೆದು, ಹಾರ್ಡ್‌ವೇರ್‌ನ ಕ್ಲಾಕ್ ಆನ್ ಮಾಡಿ, ಆಮೇಲೆ ಇಂಟರಪ್ಟ್ (ಹಾರ್ಡ್‌ವೇರ್ ಗಮನ ಸೆಳೆಯುವ ಸಿಗ್ನಲ್) ಕೇಳುವಾಗ ಫೇಲ್ ಆಯಿತು ಅಂದುಕೊಳ್ಳಿ. ಮೊದಲು ಕ್ಲಾಕ್ ಆಫ್ ಆಗಬೇಕು, ನಂತರ ಬಫರ್ ಬಿಡಬೇಕು, ಅಲ್ವಾ? ಇಫ್ ಒಳಗೆ ಇಫ್ ಹಾಕಿದರೆ ಈ ಕ್ರಮ ಕಣ್ಣಿಗೇ ಬೀಳುವುದಿಲ್ಲ; ಗೋಟೂ ಇದ್ದರೆ ಫಂಕ್ಷನ್ ಕೊನೆಯಲ್ಲಿ ಸಾಲಾಗಿ ಕಾಣುತ್ತದೆ. ಆದರೆ ಲೇಬಲ್‌ಗೆ ಸುಮ್ನೆ ‘ಎರರ್1’ ಅಂತ ಹೆಸರಿಡುವುದು ಬೇಡ. ಏನನ್ನು ಬಿಡುತ್ತಿದ್ದೇವೆ ಅಂತ ಹೆಸರೇ ಹೇಳಬೇಕು. ಲಿನಕ್ಸ್ ಕರ್ನಲ್‌ನ (ಲಿನಕ್ಸ್‌ನ ತಿರುಳು ಭಾಗದ) ಕೋಡಿಂಗ್ ಶೈಲಿಯಲ್ಲೂ ಇದೇ ಸಲಹೆ ಇದೆ.

ರೀಫಾರ್ಮ್ಯಾಟ್ ಕೈಬಿಟ್ಟೆವು. ಮಾಡಿದ್ದರೆ ಗಿಟ್ ಬ್ಲೇಮ್ (ಪ್ರತಿ ಸಾಲನ್ನು ಕೊನೆಗೆ ಯಾರು ಬದಲಿಸಿದರು ಅಂತ ತೋರಿಸುವ ಗಿಟ್ ಆದೇಶ) ತುಂಬಾ ಅದೇ ಒಂದು ಕಮಿಟ್ (ದಾಖಲಾದ ಬದಲಾವಣೆ) ಕಾಣಿಸುತ್ತಿತ್ತು. ಈಗ ಮುಟ್ಟಿದ ಸಾಲುಗಳಿಗೆ ಮಾತ್ರ ಕ್ಲ್ಯಾಂಗ್-ಫಾರ್ಮ್ಯಾಟ್ (ಕೋಡ್ ಜೋಡಣೆ ಸರಿಪಡಿಸುವ ಟೂಲ್) ಓಡಿಸುತ್ತೇವೆ. ಟ್ಯಾಬ್‌ನ ಅಗಲ 8 ಅಕ್ಷರ ಇರಲಾ 4 ಇರಲಾ ಅನ್ನುವ ಚರ್ಚೆ ಇನ್ನೂ ನಡೆದಿದೆ. ನನ್ನ ವೋಟು 8ಕ್ಕೇ.